ನಾಲ್ಕೂವರೆಯ ನಂತರದ ನೋವು

ಫೆಬ್ರವರಿ ಹದಿನಾರು, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಕರೆಯದೆ ಬಂದಿದ್ದ ಅವಳ ತಮ್ಮ. ಸ್ಥಳ, ಸೋಮವಾರಪೇಟೆಯಿಂದ ಮೂರು ಕಿಲೋಮೀಟರ್ ಆಚೆಗಿರುವ ನಮ್ಮ ಮನೆಯ ಊಟದ ಮೇಜು. ಆ ದಿನ ಸಂಜೆ ನಾಲ್ಕು ಗಂಟೆಯೊಳಗೆ ನಾನು ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಮಾಡಿಸಿಕೊಳ್ಳುತ್ತೇನೆಯೋ ಇಲ್ಲವೋ ಹೇಳಬೇಕಿತ್ತು. ಹೇಳದಿದ್ದರೆ ನನಗಾಗಿ ಹಿಡಿದಿಟ್ಟ ತಾರೀಖು ಬೇರೆಯವರಿಗೆ ಹೋಗುತ್ತಿತ್ತು.

ಕಾಯಿಲೆ ನಾಲ್ಕು ವರ್ಷದ್ದು. ಹೊಟ್ಟೆಯ ಹಿಂದೆ, ಬೆನ್ನಿಗೆ ಆತುಕೊಂಡಿರುವ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿದೆ. ಈಗ ನಮ್ಮ ಕಡೆ ಎಲ್ಲರೂ ಪ್ಯಾಂಕ್ರಿಯಾಸ್ ಎಂದೇ ಹೇಳುವುದರಿಂದ ನಾನೂ ಹಾಗೇ ಹೇಳುತ್ತೇನೆ. ನೋವು ಎದೆಗೂಡಿನ ಕೆಳಗೆ ಹೊರಟು, ಬೈರಿಗೆ ಹಾಕಿದಂತೆ ಹಿಂದಕ್ಕೆ ಕೊರೆದು ಬೆನ್ನಿನಲ್ಲಿ ನಿಲ್ಲುತ್ತದೆ. ಮಲಗಿದರೆ ಹೆಚ್ಚು. ಮುಂದಕ್ಕೆ ಬಾಗಿ ಮಂಡಿಗೆ ತಲೆ ಕೊಟ್ಟು ಕೂತರೆ ಸ್ವಲ್ಪ ಕಡಿಮೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಹದಿನಾಲ್ಕು ಕಿಲೋ ಇಳಿದಿದ್ದೇನೆ. ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯಲು ಎರಡು ಸಲ ನೋಡಿದರು, ಎರಡು ಸಲವೂ ಆಗಲಿಲ್ಲ. ಉಳಿದದ್ದು ದೊಡ್ಡ ಆಪರೇಷನ್. ಹೊಟ್ಟೆ ತೆರೆದು, ಗ್ರಂಥಿಯ ತಲೆಭಾಗವನ್ನು ಕೆರೆದು ತೆಗೆದು, ಉಳಿದದ್ದನ್ನು ಉದ್ದಕ್ಕೆ ಸೀಳಿ ಕರುಳಿಗೆ ಹೊಲಿಯುತ್ತಾರೆ.

ಸರ್ಜನ್ ನನ್ನ ಅರ್ಧ ವಯಸ್ಸಿನ ಹೆಂಗಸು. ಮೊದಲ ದಿನ ಕೂತ ಕೂಡಲೇ ಕೇಳಿದರು:

"ಕೊಡಗಿನವರಾ? ಡ್ರಿಂಕ್ಸ್ ದಿನಾ ಎಷ್ಟು?"

"ಇಲ್ಲ."

"ಬಿಟ್ಟು ಎಷ್ಟು ದಿನ ಆಯ್ತು?"

"ಹಿಡಿದೇ ಇಲ್ಲ."

ನನ್ನ ಮುಖ ನೋಡದೆ ಏನೋ ಬರೆದುಕೊಂಡರು. ಮೂರನೇ ಭೇಟಿಯಲ್ಲಿ ಅದನ್ನು ಹೊಡೆದುಹಾಕಿ, ಕುಡಿಯದವರಿಗೂ ಈ ಕಾಯಿಲೆ ಬರುತ್ತದೆ ಎಂದರು. ಊರಿನವರು ಇವತ್ತಿಗೂ ಹೊಡೆದುಹಾಕಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆಯ ಮದುವೆಗಳಲ್ಲಿ ಬಾಟಲಿಗಳ ಉಸ್ತುವಾರಿಗೆ ಕುಡಿಯದ ಒಬ್ಬನನ್ನು ನಿಲ್ಲಿಸುತ್ತಾರೆ. ಮೂವತ್ತು ವರ್ಷ ಆ ಒಬ್ಬ ನಾನೇ. ಎಷ್ಟು ತಂದರು, ಎಷ್ಟು ಒಡೆದರು, ಎಷ್ಟು ಉಳಿಯಿತು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಬರುತ್ತಿದ್ದೆ. ಆದ್ದರಿಂದ ಮೂವತ್ತು ವರ್ಷ ಜನ ನನ್ನನ್ನು ನೋಡಿದ್ದು ಬಾಟಲಿಗಳ ಪಕ್ಕದಲ್ಲಿ. ಪ್ಯಾಂಕ್ರಿಯಾಸ್ ಎಂದು ಕೇಳಿದ ಮೇಲೆ, ಹೌದಲ್ಲ, ಯಾವಾಗ್ಲೂ ಅಲ್ಲೇ ಇರ್ತಿದ್ರು ಎಂದು ಒಬ್ಬರಿಗೊಬ್ಬರು ನೆನಪು ಮಾಡಿಕೊಟ್ಟರು.

ಸರ್ಜನ್ ಕೊನೆಗೆ ಹೇಳಿದ ಮಾತು ಇಷ್ಟು. ಇದು ಕ್ಯಾನ್ಸರ್ ಅಲ್ಲ. ಕೊಯ್ಯದಿದ್ದರೆ ಸಾಯುತ್ತೀರಿ ಎಂದು ನಾನು ಹೆದರಿಸುವುದಿಲ್ಲ. ಕೊಯ್ದರೆ ಈ ವಯಸ್ಸಿಗೆ ಅಪಾಯ ಇದೆ. ಹೊಲಿಗೆ ಸೋರಬಹುದು, ಸಕ್ಕರೆ ಕಾಯಿಲೆ ಬರಬಹುದು, ಟೇಬಲ್ಲಿನಿಂದ ಏಳದೆಯೂ ಇರಬಹುದು. ಆಪರೇಷನ್ ಇರುವುದು ನೋವಿಗೆ. ನೋವು ಎಷ್ಟಿದೆ ಎನ್ನುವುದು ನನ್ನ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಮೂರು ತಿಂಗಳು ದಿನಾ ಬರೆದಿಡಿ, ಆಮೇಲೆ ಹೇಳಿ.

ಬರೆದಿಡುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ನಾನು ಮೂವತ್ತನಾಲ್ಕು ವರ್ಷ ಒಂದೇ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಏಳಕ್ಕೆ ಹಾಜರಿ ಕೂಗಿ, ಆಳುಗಳಿಗೆ ಕೆಲಸ ಹಂಚಿ, ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಚೆಕ್‌ರೋಲ್ ಬರೆಯುವುದು ನನ್ನ ಕೆಲಸ. ಚೆಕ್‌ರೋಲ್ ಎಂದರೆ ಹಾಜರಿ ಪುಸ್ತಕ. ಪೂರ್ತಿ ದಿನಕ್ಕೆ ಎರಡು ಗೆರೆಯ ಅಡ್ಡಗುರುತು, ಅರ್ಧ ದಿನಕ್ಕೆ ಒಂದು ಓರೆಗೆರೆ, ಬಾರದವರಿಗೆ ಸೊನ್ನೆ. ನಿವೃತ್ತಿಯಾಗಿ ಎಂಟು ವರ್ಷವಾದರೂ ನನ್ನ ಕಪಾಟಿನಲ್ಲಿ ಬಳಸದ ಒಂದು ಚೆಕ್‌ರೋಲ್ ಪುಸ್ತಕ ಇತ್ತು. ನವೆಂಬರ್ ಹದಿನಾರರಂದು ಅದನ್ನು ತೆಗೆದು, ಆಳಿನ ಹೆಸರು ಬರೆಯುವ ಜಾಗದಲ್ಲಿ 'ನೋವು' ಎಂದು ಬರೆದೆ. ದಿನಕ್ಕೆ ಒಂದು ಗುರುತು. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ ಎಂದೇ ತಿಳಿದಿದ್ದೆ.

ಅದೇ ದಿನ ಒಂದು ನಿಯಮವನ್ನೂ ಬರೆದೆ: ತಿಂಗಳಿಗೆ ಹತ್ತು ಪೂರ್ತಿ ಹಾಜರಿ ದಾಟಿದರೆ ಆಪರೇಷನ್, ದಾಟದಿದ್ದರೆ ಮಾತ್ರೆ, ಪಥ್ಯ. ಯಾರ ಸಲಹೆಯೂ ಬೇಡ, ಪುಸ್ತಕ ಹೇಳಲಿ ಎಂದುಕೊಂಡೆ. ಸಲಹೆ ಕೊಡುವವರ ಮೇಲೆ ಆಗಲೇ ನನಗೆ ಸಿಟ್ಟು ಬಂದಿತ್ತು. ಅವರಲ್ಲಿ ಮೊದಲಿಗನೇ ಆ ಬೆಳಿಗ್ಗೆ ನನ್ನ ಎದುರು ಕೂತಿದ್ದವನು.

ಭಾವಮೈದ ಬಂದವನೇ ಮೇಜಿನ ಮೇಲೆ ಒಂದು ರಮ್ ಬಾಟಲಿ ಇಟ್ಟ. ಒಳಗೆ ಹಸಿರು ರಸ ಇತ್ತು.

"ಏನಿದು?"

"ನಾಟಿ ಮದ್ದು ಭಾವ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ. ಕಲ್ಲು ಅಲ್ಲ, ಬಂಡೆ ಇದ್ರೂ ಕರಗುತ್ತೆ."

"ಮದ್ದು ತರೋಕೆ ನಿಂಗೆ ಬೇರೆ ಬಾಟ್ಲಿ ಸಿಗ್ಲಿಲ್ವಾ? ಊರೆಲ್ಲ ನನ್ನನ್ನ ಕುಡುಕ ಅಂತಿದೆ, ನೀನು ನನ್ನ ಮನೆ ಮೇಜಿನ ಮೇಲೇ ತಂದು ಇಡ್ತೀಯ."

"ನಮ್ಮನೇಲಿ ಇರೋದೇ ಆ ಬಾಟ್ಲಿ. ಒಳಗಿರೋದು ನೋಡಿ ಭಾವ, ಹೊರಗಿಂದು ಯಾಕೆ?" ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಕುಯ್ಸಿಕೊಳ್ಳೋಕೆ ಮಾತ್ರ ಹೋಗ್ಬೇಡಿ. ನಮ್ಮ ಪಕ್ಕದ ತೋಟದವ್ರು ಹೋದ್ರಲ್ಲ, ಏನಾಯ್ತು? ಆಂಬುಲೆನ್ಸಲ್ಲಿ ಹೋದ್ರು, ಆಂಬುಲೆನ್ಸಲ್ಲೇ ವಾಪಸ್ ಬಂದ್ರು, ಬಾಯಿಗೆ ಬಟ್ಟೆ ಕಟ್ಟಿ."

"ಅವ್ರಿಗೆ ಮಾಡಿದ್ದು ಹಾರ್ಟಿನ ಆಪರೇಷನ್."

"ಕತ್ತಿ ಕತ್ತಿನೇ ಅಲ್ವಾ?"

ಹೆಂಡತಿ ಇಡ್ಲಿ ತಂದಿಟ್ಟಳು. ನನಗೆ ಎರಡು, ಚಟ್ನಿ ಇಲ್ಲದೆ. ತೆಂಗಿನಕಾಯಿ ನನಗೆ ಬಂದ್. ತಮ್ಮನಿಗೆ ಆರು, ಚಟ್ನಿ ಸಮೇತ. ಮೊದಲ ತುತ್ತಿನೊಂದಿಗೆ ನಾನು ಜೀರ್ಣಕ್ಕೆ ಕೊಟ್ಟಿರುವ ಕ್ಯಾಪ್ಸೂಲ್ ನುಂಗಿದೆ. ಭಾವಮೈದ ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕುವುದನ್ನು ನೋಡದಿರಲು ಕಿಟಕಿಯ ಕಡೆ ತಿರುಗಿ ಕೂತೆ. ಹೆಂಡತಿ ಆಪರೇಷನ್ ವಿಷಯವಾಗಿ ಮೂರು ತಿಂಗಳಿಂದ ಒಂದು ಮಾತು ಆಡಿರಲಿಲ್ಲ. ಅದು ಒಪ್ಪಿಗೆ ಎಂದು ನಾನು ತಿಳಿದಿದ್ದೆ.

ಎಂಟಕ್ಕೆ ತಟ್ಟೆ ಎತ್ತಿದ ಮೇಲೆ ಪುಸ್ತಕ ತೆಗೆದು ಮೊತ್ತ ಹಾಕಿದೆ. ಮೂರು ತಿಂಗಳಲ್ಲಿ ಪೂರ್ತಿ ಇಪ್ಪತ್ತೊಂದು, ಅರ್ಧ ಹನ್ನೊಂದು. ಒಟ್ಟು ಇಪ್ಪತ್ತಾರೂವರೆ. ಎರಡು ಸಲ ಕೂಡಿಸಿ ನೋಡಿದೆ.

"ತಿಂಗಳಿಗೆ ಒಂಬತ್ತೂ ಬೀಳಲ್ಲ," ಎಂದೆ. "ಆಪರೇಷನ್ ಬೇಡ."

ಭಾವಮೈದ ಮೇಜು ಬಡಿದ. "ಅದು ಮಾತು! ನಾನು ಹೇಳಿದ್ದು ಅದನ್ನೇ."

"ನೀನು ಹೇಳಿದ್ದಕ್ಕಲ್ಲ. ಪುಸ್ತಕ ಹೇಳಿದ್ದಕ್ಕೆ."

"ಯಾರು ಹೇಳಿದ್ರೇನು ಭಾವ, ಹೊಟ್ಟೆ ಉಳೀತಲ್ಲ."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮೇಜು ಒರೆಸುತ್ತಿದ್ದಳು. ಬಾಟಲಿಯನ್ನು ಎತ್ತಿ, ಅದರ ಕೆಳಗೆ ಒರೆಸಿ, ಮತ್ತೆ ಅಲ್ಲೇ ಕುಕ್ಕಿದಳು.

"ನೀನೇನೂ ಹೇಳಲ್ವಾ?"

"ಪುಸ್ತಕ ಹೇಳಿಯಾಯ್ತಲ್ಲ," ಎಂದು ಒಳಗೆ ಹೋದಳು.

ಕೆಲಸವನ್ನು ಆಗಲೇ ಮುಗಿಸಬೇಕೆಂದು ಆಸ್ಪತ್ರೆಗೆ ಫೋನ್ ಮಾಡಿದೆ. ತಾರೀಖು ನೋಡುವ ನರ್ಸ್ ಹನ್ನೊಂದರ ಮೇಲೆ ಬರುತ್ತಾರೆ, ಆಗ ಮಾಡಿ ಎಂದರು. ಆ ಎರಡೂವರೆ ಗಂಟೆ ಸಿಗದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒಂಬತ್ತೂವರೆಗೆ ಮನೆಗೆಲಸದವಳು ಬಂದಳು. ಸೋಮವಾರ, ಗುರುವಾರ ಬಂದು ಅಂಗಳ ಗುಡಿಸಿ, ಬಟ್ಟೆ ಒಗೆದು ಹೋಗುತ್ತಾಳೆ. ನಾನು ರೈಟರ್ ಆಗಿದ್ದ ತೋಟದಲ್ಲೇ ಇಪ್ಪತ್ತೆಂಟು ವರ್ಷ ಕಾಫಿ ಕೊಯ್ದವಳು. ಅವಳ ಮನೆಯವರು ಹಾಸನದ ಕಡೆಯಿಂದ ಬಂದವರು. ತೋಟದ ಲೈನಿನಲ್ಲೇ, ಆಳುಗಳ ಸಾಲುಮನೆಯಲ್ಲಿ, ಬೆಳೆದವಳು. ಶಾಲೆಗೆ ಹೋದವಳಲ್ಲ. ಈಗಲೂ ನನ್ನನ್ನು ರೈಟ್ರೆ ಎಂದೇ ಕರೆಯುತ್ತಾಳೆ, ಅದರಲ್ಲಿ ಮರ್ಯಾದೆ ಎಷ್ಟು, ಬೇರೆಯದು ಎಷ್ಟು ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಮೇಜಿನ ಕೆಳಗೆ ಗುಡಿಸಲು ಬಂದವಳು ಪುಸ್ತಕ ನೋಡಿ ನಿಂತಳು.

"ಏನ್ ರೈಟ್ರೆ, ಮತ್ತೆ ಚೆಕ್‌ರೋಲ್ ಶುರು ಮಾಡಿದ್ರಾ? ಯಾರ್ದು ಹಾಜರಿ?"

"ನೋವಿಂದು."

"ನೋವಿಗೂ ಹಾಜರಿನಾ!" ಅವಳು ನಕ್ಕಳು. ಒಳಗಿನಿಂದ ಹೆಂಡತಿಯೂ ನಕ್ಕಂತೆ ಕೇಳಿಸಿತು. "ಬೆಳಿಗ್ಗೆ ಏಳಕ್ಕೆ ಕೂಗ್ತೀರಾ? ಬಂದೆ ಸ್ವಾಮಿ ಅಂತದಾ?"

"ನಿನ್ನ ಕೆಲಸ ನೋಡು."

ಅವಳು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಅಕ್ಷರ ಬಾರದವಳಿಗೆ ಇದು ಓದಲು ಬರುತ್ತಿತ್ತು. ಇಪ್ಪತ್ತೆಂಟು ವರ್ಷ ಪ್ರತಿ ಶನಿವಾರ ನನ್ನ ಹೆಗಲ ಮೇಲಿಂದ ಬಗ್ಗಿ ತನ್ನ ಸಾಲನ್ನು ಎಣಿಸಿಕೊಂಡು ಹೋಗುತ್ತಿದ್ದಳು. ಒಂದು ಸೊನ್ನೆ ಹೆಚ್ಚಾಗಿದ್ದರೂ ಅಲ್ಲೇ ಹಿಡಿಯುತ್ತಿದ್ದಳು. ಈಗ ಬೆರಳನ್ನು ಸಾಲಿನ ಮೇಲೆ ಓಡಿಸಿದಳು.

"ಏಳು ಮನೆಗೊಂದು ಖಾಲಿ ಬಿಟ್ಟಿದ್ದೀರಿ."

"ಸೋಮವಾರ. ಸಂತೆ ರಜೆ."

ನಮ್ಮ ತೋಟದಲ್ಲಿ ವಾರದ ರಜೆ ಭಾನುವಾರ ಇರಲಿಲ್ಲ. ಸೋಮವಾರಪೇಟೆಯ ಸಂತೆಯ ದಿನ ರಜೆ. ಚೆಕ್‌ರೋಲಿನಲ್ಲಿ ಆ ದಿನದ ಮನೆಗೆ ಏನೂ ಬರೆಯುವುದಿಲ್ಲ. ಮೂರು ತಿಂಗಳೂ ನನ್ನ ಕೈ ತಾನಾಗಿ ಆ ಮನೆಯನ್ನು ದಾಟಿ ಹೋಗಿತ್ತು.

"ಯಾರಿಗೆ ರಜೆ ರೈಟ್ರೆ? ನೋವಿಗಾ?" ಅವಳು ನೆಟ್ಟಗೆ ನಿಂತಳು. "ಹೋದ್ ಸೋಮ್ವಾರ ನಾನ್ ಬಟ್ಟೆ ಒಣಹಾಕಕ್ ಬಂದಾಗ ಹಿತ್ಲ ಜಗ್ಲಿ ಮೇಲೆ ಮಂಡಿಗೆ ತಲೆ ಕೊಟ್ಟು ಕೂತಿದ್ರಲ್ಲ, ಅಂಗಿ ಹಿಂಡಿದ್ರೆ ಬೆವರು ಸುರೀತಿತ್ತು. ಅದೆಲ್ಲಿ ಬರ್ದಿದ್ದೀರಿ? ಅದ್ರ ಹಿಂದಿನ ಸೋಮ್ವಾರನೂ ಹಂಗೇ. ಸಂತೆ ದಿನ ಬಾಯಿ ಕಟ್ಟಕ್ಕಾಗಲ್ಲ ನಿಮ್ಗೆ, ಬಜ್ಜಿ ಕಂಡ್ರೆ ಬಿಡಲ್ಲ."

ಅದು ನಿಜ. ವಾರದಲ್ಲಿ ಒಂದು ದಿನ ಸಂತೆಯಲ್ಲಿ ಎರಡು ಬಜ್ಜಿ ತಿನ್ನುತ್ತಿದ್ದೆ. ಹೆಂಡತಿಗೆ ಗೊತ್ತಿಲ್ಲ ಎಂದು ತಿಳಿದಿದ್ದೆ.

ಭಾವಮೈದನಿಗೆ ರೇಗಿತು. "ಏಯ್, ನೀನು ಕಸ ಗುಡ್ಸು. ಮನೆ ವಿಚಾರ ನಿಂಗ್ಯಾಕೆ?"

"ಗುಡಿಸ್ತಾನೇ ಇದ್ದೀನಿ ಸಾವ್ಕಾರ್ರೆ. ಕಾಲು ಎತ್ತಿ."

ಅವನು ಕಾಲು ಎತ್ತಿದ. ಅವಳು ಅವನ ಕುರ್ಚಿಯ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಗುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಸಂಜೆ ಬರೋದು?"

"ಯಾವ ಸಂಜೆ?"

"ಸಂಜೆ ಬರೋ ನೋವು. ರಾತ್ರಿ ಬರೋದು. ಅಮ್ಮಾರು ಹೇಳ್ತಾರಲ್ಲ, ಊಟ ಆಗಿ ಒಂದು ಗಂಟೆಗೆ ಶುರು ಆದ್ರೆ ಬೆಳಗಿನ್ ಜಾವದ ತಂಕ ಅಂತ."

"ನಾಲ್ಕೂವರೆಗೆ ಪುಸ್ತಕ ಬರೆದು ಮುಚ್ಚುತ್ತೇನೆ."

ಹೇಳಿದ ಮೇಲೆ ನನಗೇ ಕೇಳಿಸಿತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಎಡಗೈಯನ್ನು ಎತ್ತಿ, ಪುಸ್ತಕದ ಮೇಲೆ, ನನ್ನ ಕಣ್ಣೆದುರಿಗೆ ಹಿಡಿದಳು. ಮಣಿಕಟ್ಟಿನ ಹತ್ತಿರ ಮೂಳೆ ಸೊಟ್ಟಗೆ ಕೂಡಿಕೊಂಡ ಕೈ.

ಅದು ಹೇಗಾಯಿತೆಂದು ಇಲ್ಲಿ ಹೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ, ಕಾಫಿ ಕೊಯ್ಲಿನ ಕಾಲ. ಹಣ್ಣು ಹೆಚ್ಚಾಗಿದ್ದರಿಂದ ಗಂಟೆ ಹೊಡೆದ ಮೇಲೂ ಮೂಟೆಗಳನ್ನು ಕಣಕ್ಕೆ ಹೊರಬೇಕಿತ್ತು. ಅವಳು ಮೂಟೆ ಹೊತ್ತು ಬರುವಾಗ ಕಣದ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಗಂಟೆ ಐದು. ನಾನು ಅಲ್ಲೇ ತೂಕದ ಹತ್ತಿರ ನಿಂತಿದ್ದೆ, ಕಣ್ಣಾರೆ ನೋಡಿದೆ. ಆದರೆ ಆ ದಿನದ ಪುಸ್ತಕ ಬರೆದು ಮುಚ್ಚಿಯಾಗಿತ್ತು. ಕೆಲಸದ ಹೊತ್ತಿನ ಮೇಲೆ ಆದದ್ದು ಎಂದು ಕಚೇರಿಗೆ ತಿಳಿಸಿದೆ. ಹಾಗಾಗಿ ಕೂಲಿ ಸಮೇತ ಕೊಡುವ ಪೆಟ್ಟಿನ ರಜೆ ಅವಳಿಗೆ ಸಿಗಲಿಲ್ಲ. ಕಟ್ಟು ಹಾಕಿಸಿಕೊಂಡು ಹದಿನೈದೇ ದಿನಕ್ಕೆ ಕೆಲಸಕ್ಕೆ ಬಂದಳು. ಕೈ ಸೊಟ್ಟಗೆ ಕೂಡಿತು. ನಾನು ಸುಳ್ಳು ಬರೆದಿರಲಿಲ್ಲ. ಗಂಟೆ ಐದಾಗಿದ್ದು ನಿಜ. ಇಷ್ಟು ವರ್ಷ ನನ್ನಷ್ಟಕ್ಕೆ ನಾನು ಹೇಳಿಕೊಂಡಿದ್ದು ಅದೇ.

"ನಾಲ್ಕೂವರೆ ಮೇಲೆ ಮುರಿದ್ರೆ ಮುರಿದಂಗಲ್ಲ," ಎಂದಳು. "ನಮ್ಗೇ ಹಂಗ್ ಮಾಡಿದ್ರಿ ಅಂದ್ಕೊಂಡಿದ್ದೆ. ನಿಮ್ಗೂ ಅದೇನಾ? ಒಳ್ಳೇದಾಯ್ತು."

ಸಿಟ್ಟಿನಿಂದ ಕೂಗಿದ್ದಲ್ಲ. ಲೆಕ್ಕ ಸರಿಹೋದವರ ಧ್ವನಿಯಲ್ಲಿ ಹೇಳಿದಳು. ನನಗೆ ಕೆಟ್ಟ ಸಿಟ್ಟು ಬಂತು. ಎದ್ದು ಹೋಗು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದು, ಮುಚ್ಚಳ ತೆಗೆದು, ಪುಸ್ತಕದ ಮೇಲೇ ಬೋರಲು ಹಾಕಿದಳು. ನೋವಿನ ಮಾತ್ರೆಯ ಖಾಲಿ ಹಾಳೆಗಳು ಸುರಿದವು.

"ಇದೇನು?"

"ನೀವು ಬರೆಯೋಕೆ ಶುರು ಮಾಡಿದ ದಿನದಿಂದ ನುಂಗಿದ್ದು. ನಾನು ಪುಸ್ತಕ ಬರೆಯೋಕೆ ಹೋಗ್ಲಿಲ್ಲ. ಬಿಸಾಡ್ಲಿಲ್ಲ, ಅಷ್ಟೇ."

ಮಾತ್ರೆಗಳನ್ನು ತರುತ್ತಿದ್ದವಳು ಅವಳು. ಪ್ರತಿ ಸೋಮವಾರ ಸಂತೆಗೆ ಹೋದಾಗ ಡಾಕ್ಟರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುತ್ತಿದ್ದಳು. ನನ್ನ ಕೈಗೆ ಒಂದೊಂದೇ ಮಾತ್ರೆ ಬರುತ್ತಿತ್ತು, ನೀರಿನ ಲೋಟದ ಜೊತೆ. ಆದ್ದರಿಂದ ಒಟ್ಟು ಎಷ್ಟು ಎಂದು ನಾನು ನೋಡಿರಲಿಲ್ಲ.

ಗೊಬ್ಬರದ ಮೂಟೆ ಉಗ್ರಾಣದಿಂದ ಎಷ್ಟು ಹೋಯಿತು, ಗಿಡಕ್ಕೆ ಎಷ್ಟು ಬಿತ್ತು ಎಂದು ತಾಳೆ ನೋಡುವುದು ರೈಟರಿನ ಕೆಲಸ. ತಾಳೆಯಾಗದಿದ್ದರೆ ಯಾರೋ ಕದ್ದಿದ್ದಾರೆ ಎಂದರ್ಥ. ನಾನು ಅದನ್ನೇ ಮಾಡಿದೆ. ಪೂರ್ತಿ ದಿನಕ್ಕೆ ಎರಡು ಮಾತ್ರೆ, ಅರ್ಧ ದಿನಕ್ಕೆ ಒಂದು. ಪುಸ್ತಕದ ಪ್ರಕಾರ ನುಂಗಿರಬೇಕಾದ್ದು ಐವತ್ತಮೂರು. ಮೇಜಿನ ಮೇಲಿದ್ದದ್ದು ಹತ್ತರ ಹಾಳೆ ಹದಿನೇಳು, ಎಲ್ಲವೂ ಖಾಲಿ. ನೂರ ಎಪ್ಪತ್ತು. ನೂರ ಹದಿನೇಳು ಮಾತ್ರೆಯ ನೋವು ಪುಸ್ತಕದಲ್ಲಿ ಇರಲಿಲ್ಲ.

ಭಾವಮೈದ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಇಷ್ಟು ಮಾತ್ರೆ ನುಂಗಿದ್ರೆ ಮತ್ತೆ ಹೊಟ್ಟೆ ನೋಯದೆ ಇನ್ನೇನಾಗುತ್ತೆ?"

"ಬಾಯಿ ಮುಚ್ಚೋ," ಎಂದಳು ಅವನ ಅಕ್ಕ. ನಲವತ್ತಮೂರು ವರ್ಷದ ಸಂಸಾರದಲ್ಲಿ ಅವಳು ತಮ್ಮನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿದಳು. "ನಾಲ್ಕೂವರೆ ತನಕ ನಿಮ್ಮ ನೋವು ನಿಮ್ದು. ಪುಸ್ತಕ, ಪೆನ್ನು, ಗುರುತು ಎಲ್ಲ ಉಂಟು. ನಾಲ್ಕೂವರೆ ಆದ್ಮೇಲೆ ನಂದು. ಬಿಸಿನೀರು ಕಾಯಿಸೋದು, ರಬ್ಬರ್ ಚೀಲ ತುಂಬ್ಸೋದು, ಬೆನ್ನು ಉಜ್ಜೋದು. ಬೆಳಿಗ್ಗೆ ಎದ್ದು ಗಡ್ಡ ಕೆರ್ಕೊಂಡು ಬರ್ತೀರಿ, ಸಂಜೆ ನಾಲ್ಕೂವರೆಗೆ ಸೊನ್ನೆ ಹಾಕ್ತೀರಿ. ನಾನು ಪಕ್ಕದಲ್ಲೇ ನಿಂತು ಕಾಫಿ ಕೊಡ್ತಾ ನೋಡಿದ್ದೀನಿ, ಸೊನ್ನೆ ಹಾಕೋದನ್ನ."

"ಆವಾಗ್ಲೇ ಹೇಳ್ಬೇಕಿತ್ತು."

"ಯಾರಿಗೆ ಹೇಳ್ಲಿ? ಗಂಟೆ ಹೊಡೆದ್ಮೇಲೆ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದ್ದು ಉಂಟಾ?"

"ಹಾಗಾದ್ರೆ ಆಪರೇಷನ್ ಮಾಡ್ಸಿಕೊಳ್ಳಿ ಅಂತ ಹೇಳ್ತಿದ್ದೀಯಾ?"

"ನಾನು ಏನೂ ಹೇಳ್ತಿಲ್ಲ. ಹೇಳಿ, ನೀವು ಅಲ್ಲಿ ಸತ್ರೆ, ಅಕ್ಕನೇ ಕಳ್ಸಿ ಕೊಂದ್ಲು ಅಂತ ಇವ್ನು ಊರೆಲ್ಲ ಹೇಳ್ಕೊಂಡು ಬರ್ತಾನೆ. ಪುಸ್ತಕ ಸುಳ್ಳು ಅಂತ ಮಾತ್ರ ಹೇಳ್ತಿದ್ದೀನಿ."

ಸುಳ್ಳು ಎನ್ನುವ ಮಾತನ್ನು ನನ್ನ ಪುಸ್ತಕದ ಬಗ್ಗೆ ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಆಡಿರಲಿಲ್ಲ. ಮ್ಯಾನೇಜರ್ ಆಡಿರಲಿಲ್ಲ, ಕೂಲಿಯವರೂ ಎದುರಿಗೆ ಆಡಿರಲಿಲ್ಲ. ನಾನು ಮಾತ್ರೆಯ ಹಾಳೆಗಳನ್ನು ಡಬ್ಬಿಗೆ ತುಂಬಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಿತ್ತಿಲ ಜಗಲಿಗೆ ಹೋಗಿ ಕೂತೆ. ಹತ್ತೂವರೆ ಆಗಿತ್ತು. ಇಡ್ಲಿ ತಿಂದ ಎರಡೂವರೆ ಗಂಟೆಗೆ ನೋವು ಬಂತು. ಸೋಮವಾರ ಎಂದು ಅದಕ್ಕೇನೂ ಗೊತ್ತಿರಲಿಲ್ಲ.

ಮಂಡಿಗೆ ತಲೆ ಕೊಟ್ಟು ಕೂತುಕೊಂಡು ನನ್ನನ್ನು ನಾನೇ ವಿಚಾರಣೆ ಮಾಡಿಕೊಂಡೆ. ಬೇಕೆಂದೇ ಮುಚ್ಚಿಟ್ಟೆನೇ? ಇಲ್ಲ. ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಜಾಗ ಇಲ್ಲದ ಪುಸ್ತಕವನ್ನೇ ಯಾಕೆ ತೆಗೆದುಕೊಂಡೆ? ಶಾಲೆ ಮಕ್ಕಳ ನೋಟ್‌ಪುಸ್ತಕ ಪೇಟೆಯಲ್ಲಿ ಸಿಗುತ್ತಿತ್ತು. ಇದಕ್ಕೆ ಉತ್ತರ ಬರಲು ಹೊತ್ತು ಹಿಡಿಯಿತು. ನನಗೆ ಹೆದರಿಕೆ ಇತ್ತು. ಟೇಬಲ್ಲಿನ ಮೇಲೆ ಮಲಗಿಸಿ ಮುಖಕ್ಕೆ ಮಾಸ್ಕ್ ಹಾಕುವ ಕ್ಷಣ ನೆನೆದರೆ ಕಾಲು ತಣ್ಣಗಾಗುತ್ತಿತ್ತು. ನಿಯಮ ಮಾಡಿದವನು ನಾನು, ಹತ್ತು ಎಂಬ ಸಂಖ್ಯೆ ಇಟ್ಟವನು ನಾನು, ಎಣಿಸಿದವನೂ ನಾನು. ಹತ್ತು ದಾಟದಂತೆ ನೋಡಿಕೊಂಡವನು ಇನ್ನು ಬೇರೆ ಯಾರಿರಲು ಸಾಧ್ಯ? ಕಚೇರಿಯಲ್ಲಿ ಇಂಥ ಪುಸ್ತಕ ತಂದವನನ್ನು ನಾನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ.

ಹನ್ನೊಂದು ಗಂಟೆ ಕಳೆಯಿತು. ಫೋನ್ ಮಾಡಲಿಲ್ಲ. ಹನ್ನೆರಡಕ್ಕೆ ಮನೆಗೆಲಸದವಳು ಬಕೆಟ್ ಹಿಡಿದು ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದಳು. ನನ್ನ ಕಡೆ ನೋಡದೆ ತಂತಿಯ ಮೇಲೆ ಲುಂಗಿ ಕೊಡವಿ ಹಾಕಿದಳು. ಹಿಂಡುವಾಗ ಬಲಗೈಯನ್ನೇ ಹೆಚ್ಚು ತಿರುಗಿಸುತ್ತಿದ್ದಳು. ಎಂಟು ವರ್ಷದಿಂದ ವಾರಕ್ಕೆರಡು ಸಲ ನನ್ನ ಬಟ್ಟೆ ಹಿಂಡುತ್ತಿದ್ದವಳ ಕೈಯನ್ನು ನಾನು ಆ ದಿನ ನೋಡಿದೆ.

"ಕೈ ಈಗ್ಲೂ ನೋಯುತ್ತಾ?"

"ಮಳೆಗಾಲಕ್ಕೆ," ಎಂದಳು. "ಯಾಕೆ, ಬರ್ಕೊಳ್ತೀರಾ?"

ಉತ್ತರಕ್ಕೆ ಕಾಯದೆ ಅವಳು ಖಾಲಿ ಬಕೆಟ್ ಬೋರಲು ಹಾಕಿ ಹೋದಳು. ಅವಳಿಗೆ ನಾನು ಮಾಡಬೇಕಾದದ್ದು ಇನ್ನೂ ಬಾಕಿ ಇದೆ. ಇಲ್ಲಿ ನಾಲ್ಕು ಸಾಲು ಬರೆದು ಅದು ಮುಗಿಯಿತು ಎಂದುಕೊಳ್ಳುವುದಿಲ್ಲ.

ಮಧ್ಯಾಹ್ನ ಒಂದಕ್ಕೆ ಗಂಜಿ. ಒಂದೂವರೆಗೆ ಪುಸ್ತಕ ತೆರೆದೆ. ಖಾಲಿ ಬಿಟ್ಟ ಸೋಮವಾರಗಳನ್ನು ತುಂಬಿಸಲಿಲ್ಲ. ಹಿಂದಿನ ತಾರೀಖಿಗೆ ಈಗ ಗುರುತು ಹಾಕುವವನು ರೈಟರಲ್ಲ, ಕಳ್ಳ. ಕೊನೆಯ ಪುಟದಲ್ಲಿ ಇಷ್ಟು ಬರೆದೆ: 'ಈ ಪುಸ್ತಕ ಸರಿಯಿಲ್ಲ. ಸೋಮವಾರಗಳನ್ನೂ, ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಬೆಳಿಗ್ಗೆ ಏಳರವರೆಗಿನದನ್ನೂ ಬರೆದಿಲ್ಲ. ನುಂಗಿದ ಮಾತ್ರೆ ನೂರ ಎಪ್ಪತ್ತು.' ಕೆಳಗೆ ತಾರೀಖು ಹಾಕಿ ಸಹಿ ಮಾಡಿದೆ. ಅಂಥ ಸಹಿ ನಾನು ಮಾಡಿದ್ದು ಅದೊಂದೇ.

ಮೂರು ಗಂಟೆ ಹತ್ತು ನಿಮಿಷಕ್ಕೆ ಫೋನ್ ಮಾಡಿದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಭಾವಮೈದ ಮಧ್ಯಾಹ್ನದ ಊಟ ಮುಗಿಸಿ ದಿವಾನಿನ ಮೇಲೆ ಮಲಗಿದ್ದವನು ಎದ್ದು ಕೂತ.

ನರ್ಸ್ ಕೇಳಿದಳು, "ಹೌದಾ ಅಲ್ವಾ ಸರ್, ಅಷ್ಟು ಹೇಳಿ ಸಾಕು."

ನಾನು ಪುಟದಲ್ಲಿ ಬರೆದಿದ್ದನ್ನು ಓದಿದೆ. ಅವಳು ಒಂದು ನಿಮಿಷ ಎಂದಳು. ಏಳು ನಿಮಿಷದ ಮೇಲೆ ಸರ್ಜನ್ನೇ ಫೋನಿಗೆ ಬಂದರು.

"ನೂರ ಎಪ್ಪತ್ತಾ? ಮೂರು ತಿಂಗಳು ಹಾಗಾದ್ರೆ ನೀವು ಬರೆದಿದ್ದೇನು? ಹೋದ ತಿಂಗಳು ಬಂದಾಗ ಪರವಾಗಿಲ್ಲ ಅಂದ್ರಲ್ಲ? ಅದನ್ನ ನಂಬಿ ನಾನು ನಿಮ್ಮನ್ನ ಮುಂದಕ್ಕೆ ಹಾಕಿದ್ದು."

"ತಪ್ಪು ಬರೆದೆ."

"ತಪ್ಪು ಅಂದ್ರೆ? ನೋವು ಯಾವಾಗ ಹೆಚ್ಚು?"

"ಸಂಜೆ ಮೇಲೆ. ದಿನಾ."

"ದಿನಾ," ಎಂದು ಅವರು ಹಲ್ಲು ಕಚ್ಚಿ ಹೇಳಿದಂತಿತ್ತು. ಪೇಷಂಟುಗಳು ಡಾಕ್ಟರಿಗೆ ಸುಳ್ಳು ಹೇಳಿ ಯಾರನ್ನು ಉದ್ಧಾರ ಮಾಡುತ್ತಾರೋ ಎಂದು ಯಾರಿಗೋ ಹೇಳಿದರು. ಆ ಯಾರೋ ನಾನೇ. ಆಮೇಲೆ ಅಪಾಯಗಳನ್ನೆಲ್ಲ ಮೊದಲಿನಿಂದ ಓದಿ ಹೇಳಿದರು. ಸೋರುವುದು, ಕೀವು, ಸಕ್ಕರೆ, ಹೃದಯ. ನೋವು ಪೂರ್ತಿ ಹೋಗದೆಯೂ ಇರಬಹುದು ಎಂದು ಕೊನೆಗೆ ಸೇರಿಸಿದರು. ನಾನು ಒಂದೊಂದಕ್ಕೂ ಹೂಂ ಎಂದೆ.

"ಈಗ ಹೇಳಿ. ಹೌದಾ, ಇಲ್ವಾ?"

ಕಾಲು ತಣ್ಣಗಿತ್ತು. ಹೆಂಡತಿ ಬಾಗಿಲಿನಿಂದ ಕದಲಲಿಲ್ಲ.

"ಹೌದು," ಎಂದೆ.

ಮುಂದಿನ ಗುರುವಾರ ಬೆಳಿಗ್ಗೆ ಅಡ್ಮಿಟ್ ಆಗಬೇಕು, ಆ ಪುಸ್ತಕವನ್ನೂ ತನ್ನಿ ಎಂದು ಫೋನ್ ಇಟ್ಟರು.

ಭಾವಮೈದ ಚಪ್ಪಲಿ ಮೆಟ್ಟಿಕೊಂಡ. ರಮ್ ಬಾಟಲಿಯನ್ನು ಮೇಜಿನಿಂದ ಎತ್ತಿ ಕಂಕುಳಿಗೆ ಸೇರಿಸಿದ. "ಆಳಿನ ಮಾತು ಕೇಳ್ಕೊಂಡು ಹೊಟ್ಟೆ ಕುಯ್ಸಿಕೊಳ್ತೀರಿ. ನನ್ನ ಮಾತು ಬೇಡ. ಆಗ್ಲಿ. ನೀವು ಸತ್ರೆ ನನ್ನನ್ನ ಮಾತ್ರ ಕರೀಬೇಡಿ."

"ಸತ್ತವನು ಹೇಗೆ ಕರೀಲಿ ಮಾರಾಯ?"

ಅವನು ನಗಲಿಲ್ಲ. ಗೇಟು ಹಾಕದೆ ಹೋದ. ನಾನು ಹೋಗಿ ಹಾಕಿ ಬಂದೆ.

ನಾಲ್ಕೂವರೆಗೆ ಎಂದಿನಂತೆ ಗೋಡೆ ಗಡಿಯಾರಕ್ಕೆ ಕೀ ಕೊಟ್ಟೆ. ಎಂದಿನಂತೆ ಪುಸ್ತಕ ಮುಚ್ಚಲಿಲ್ಲ. ಅದರ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಒಯ್ಯುವ ಸಾಮಾನಿನ ಪಟ್ಟಿ ಮಾಡಿದೆ: ಲುಂಗಿ ಮೂರು, ಟವೆಲ್ ಎರಡು, ಹಳೆಯ ರಿಪೋರ್ಟುಗಳು, ಸ್ಕ್ಯಾನ್ ಫಿಲ್ಮು, ಫ್ಲಾಸ್ಕ್, ರಬ್ಬರ್ ಚೀಲ. ಹೆಂಡತಿ ಪಟ್ಟಿ ಓದಿ, ಪೆನ್ನು ಕಿತ್ತುಕೊಂಡು ಕೆಳಗೆ 'ನನ್ನ ಸೀರೆ ನಾಲ್ಕು' ಎಂದು ಬರೆದಳು. ಅವಳ ಬಟ್ಟೆಯನ್ನು ನಾನು ಪಟ್ಟಿಗೆ ಹಾಕಿರಲಿಲ್ಲ.

ಐದೂ ಮುಕ್ಕಾಲಿಗೆ ನೋವು ಮತ್ತೆ ಶುರುವಾಯಿತು. ಅವಳು ನೀರು ಕಾಯಿಸಿ, ಚೀಲ ತುಂಬಿಸಿ, ಟವೆಲಿನಲ್ಲಿ ಸುತ್ತಿ ನನ್ನ ಹೊಟ್ಟೆಗೆ ಒತ್ತಿದಳು. ಮಾತ್ರೆ ಕೊಟ್ಟಳು. ಹೊಸ ಹಾಳೆ, ಒಡೆದು ತೆಗೆದ ಮೇಲೆ ಡಬ್ಬಿಗೆ ಹಾಕದೆ ನನ್ನ ಎದುರಿಗೇ ಇಟ್ಟಳು. ಏಳೂವರೆಗೆ ಸ್ವಲ್ಪ ಇಳಿಯಿತು. ನಾನು ಪುಸ್ತಕ ಎಳೆದುಕೊಂಡು, ಫೆಬ್ರವರಿ ಹದಿನಾರರ ಮನೆಯಲ್ಲಿ ಪೂರ್ತಿ ಹಾಜರಿಯ ಅಡ್ಡಗುರುತು ಹಾಕಿ, ಪಕ್ಕದಲ್ಲಿ ಚಿಕ್ಕದಾಗಿ ಗಂಟೆ ಬರೆದೆ. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿ, ಚೀಲದ ನೀರನ್ನು ಹಿತ್ತಿಲಿಗೆ ಚೆಲ್ಲಿ, ಅದನ್ನು ಒಣಗಲು ಮೊಳೆಗೆ ತೂಗುಹಾಕಿದಳು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.